ಕಸೂತಿ: ನಿತ್ಯದ ಉಡಿಗೆಯ ಮೇಲಣ ಎಣಿಕೆಯ ಹೊಲಿಗೆ

ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗ ಮೊದಲಾದ ಜಿಲ್ಲೆಗಳಲ್ಲಿ ಹೆಂಗಸರು ಸೀರೆ, ಕುಪ್ಪಸ, ಲಂಗ, ಕೂಸುಗಳ ಕುಂಚಿಗೆ, ಕುಲಾಯಿ ಇವುಗಳ ಮೇಲೆ ಬಣ್ಣದ ರೇಶ್ಮೆಯ ನೂಲಿನಿಂದ ಮಾಡುವ ಸೂಜಿಯ ಕೆಲಸಕ್ಕೆ ಕಸೂತಿಯೆಂದು ಹೆಸರು. ಮಹಾರಾಷ್ಟ್ರದ ದಕ್ಷಿಣಭಾಗದಲ್ಲಿಯೂ ಇದರ ಬಳಕೆಯುಂಟು. ಇದರ ವಿಷಯವಾಗಿ ಬರೆದವರು ಸಾಮಾನ್ಯವಾಗಿ ಚಿತ್ರಗಳ ಪಟ್ಟಿಯನ್ನು ಕೊಟ್ಟು ಸುಮ್ಮನಾಗುತ್ತಾರೆ. ಗೋಪುರ, ತೇರು, ಅಂಬಾರಿಯ ಆನೆ, ಪಲ್ಲಕ್ಕಿ, ತುಳಸಿಯ ಕಟ್ಟೆ, ನಂದಿ, ನವಿಲು, ಹಂಸ, ಗಿಳಿ, ಕಮಲ, ತೊಟ್ಟಿಲು ಇವು ನೋಡುವವರ ಕಣ್ಣನ್ನು ಮೊದಲು ಸೆಳೆಯುವುದು ಸಹಜವೇ. ಆದರೆ ಅದೇ ಆನೆಯನ್ನು ಬಟ್ಟೆಯ ಮೇಲೆ ಅಚ್ಚೊತ್ತಬಹುದು, ಮಗ್ಗದಲ್ಲಿ ನೇಯಬಹುದು, ಯಂತ್ರದಿಂದ ಹೊಲಿಯಬಹುದು. ಅಷ್ಟರಿಂದ ಅದು ಕಸೂತಿಯೆನಿಸುವುದಿಲ್ಲ. ಬಟ್ಟೆಯ ಮೇಲೆ ಯಾವ ಗೆರೆಯನ್ನೂ ಬರೆದುಕೊಳ್ಳದೆ, ನೇಯ್ಗೆಯ ಎಳೆಗಳನ್ನೆಣಿಸುತ್ತ, ಗಂಟು ಹಾಕದೆ, ಮೊಗದ ಬದಿಯಲ್ಲಿ ಕಾಣುವ ರೂಪವೇ ಹಿಂಬದಿಯಲ್ಲಿಯೂ ಕಾಣುವಂತೆ ನೂಲನ್ನು ನಡೆಯಿಸುವ ಕ್ರಮದಲ್ಲಿ ಈ ಕಲೆಯ ತಿರುಳಿದೆ. ಆ ಕ್ರಮವು ಯಾವ ತತ್ತ್ವದ ಮೇಲೆ ನಿಂತಿದೆ, ನಿತ್ಯೋಪಯೋಗದ ವಸ್ತುಗಳಿಗೆ ಅದು ಏಕೆ ಅವಶ್ಯಕವಾಯಿತು, ಅದು ತಪ್ಪಿದಾಗ ಏನು ತಪ್ಪುತ್ತದೆ ಎಂಬಿವು ವಿಚಾರಾರ್ಹವಾದ ವಿಷಯಗಳು.

ಮೊದಲು ಹೆಸರಿನ ಮಾತು. ಕೈ ಎಂಬ ಕನ್ನಡ ಶಬ್ದಕ್ಕೆ, ನೂಲು ಅಥವಾ ಹತ್ತಿ ಎಂಬರ್ಥದ ಸೂತಿ ಎಂಬುದು ಸೇರಿ ಕಸೂತಿಯಾಯಿತೆಂಬುದು ರೂಢಿಯಲ್ಲಿರುವ ವಿವರಣೆ. ಸೂತಿ ಎಂಬುದು ಸಂಸ್ಕೃತದ ಸೂತ್ರಶಬ್ದದಿಂದ ಉತ್ತರದ ಭಾಷೆಗಳ ಮೂಲಕ ಬಂದ ರೂಪವೆಂದು ಹೇಳುವುದು ಕಷ್ಟವಲ್ಲ. ತದ್ಭವವಾದುದರಿಂದ ಅರಿಸಮಾಸದ ಆಕ್ಷೇಪವೂ ಬಾರದು. ಆದರೆ ಎರಡು ತೊಡಕುಗಳುಂಟು. ಕೈ ಎಂಬುದರ ಐಕಾರವು ಇಲ್ಲಿ ಅಕಾರವಾಗಿ ಕುಗ್ಗುವುದಕ್ಕೆ ಕಾರಣ ತೋರಬೇಕು. ಅಲ್ಲದೆ, ಸೂತಿಯೆಂದರೆ ಹತ್ತಿಯದು. ಕಸೂತಿಯಲ್ಲಿ ಬಟ್ಟೆ ಹತ್ತಿಯದಾದರೂ ಹೊಲಿಯುವ ನೂಲು ರೇಶ್ಮೆ. ಇನ್ನೊಂದು ಪಕ್ಷದವರು ಪಾರಸಿಯ ‘ಕಶೀದಾ’ ಎಂಬ ಶಬ್ದವನ್ನು ಮುಂದಿಡುತ್ತಾರೆ. ಎಳೆಯುವುದು ಎಂಬರ್ಥದ ಧಾತುವಿನಿಂದಾದ ಈ ಶಬ್ದವು ಸಿಂಧ್, ಕಾಶ್ಮೀರ, ಬಿಹಾರಗಳಲ್ಲಿಯೂ ಮರಾಠಿಯಲ್ಲಿಯೂ ಸೂಜಿಯ ಕೆಲಸಕ್ಕೆ ಸಲ್ಲುತ್ತದೆ. ಅರ್ಥವೇನೋ ಸರಿಹೋಗುತ್ತದೆ, ಈಕಾರವು ಊಕಾರವಾಗಿಯೂ ದಕಾರವು ತಕಾರವಾಗಿಯೂ ಏಕೆ ಮಾರ್ಪಟ್ಟವೆಂಬ ಪ್ರಶ್ನೆಯೊಂದು ಉಳಿಯುತ್ತದೆ. ಹೊರಗಿನಿಂದ ಬಂದ ಶಬ್ದವನ್ನು ಜನರು ತಮಗೆ ಪರಿಚಿತವಾದ ಶಬ್ದಗಳ ಎರಕಕ್ಕೆ ಹೊಯ್ದು, ಕೈ ಮತ್ತು ಸೂತಿಗಳನ್ನು ಅದರಲ್ಲಿ ಕಂಡುಕೊಂಡರೆಂದು ಎಣಿಸಿದರೆ ಎರಡು ಪಕ್ಷಗಳಿಗೂ ಎಡೆ ದೊರೆಯುತ್ತದೆ. ಶಬ್ದವು ಹೊರಗಿನದೆಂದು ಸಿದ್ಧವಾದರೂ ಕೆಲಸವು ಹೊರಗಿನದೆಂದು ಸಿದ್ಧವಾಗುವುದಿಲ್ಲ. ಇವೆರಡನ್ನು ಬೆರಸುವ ಅಭ್ಯಾಸವು ನಮ್ಮ ವಿಮರ್ಶೆಯಲ್ಲಿ ಸಾಕಷ್ಟು ಹಾನಿ ಮಾಡಿದೆ.

ಹೊಲಿಗೆಯ ಜಾತಿಗಳ ಹೆಸರುಗಳು ಇದಕ್ಕಿಂತ ಸ್ಪಷ್ಟವಾಗಿವೆ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ಅವು ನಾಲ್ಕು. ಎಕಾರಾಂತಗಳು ಇಕಾರಾಂತಗಳಾಗುವುದು ಧಾರವಾಡದ ಕಡೆಯ ಆಡುನುಡಿಯ ಲಕ್ಷಣ. ಮನೆಯು ಮನಿಯಾಗುವಂತೆ ನೇಯ್ಗೆಯು ನೇಯ್ಗಿಯೂ ಮೆಂತೆಯು ಮೆಂತಿಯೂ ಆಗಿವೆ. ಮುರಗಿಯಲ್ಲಿ ಮುರಿ ಎಂಬ ಧಾತುವನ್ನು ಕಾಣಬಹುದು. ಅದಕ್ಕೆ ತುಂಡಾಗುವುದೆಂಬ ಅರ್ಥವಿರುವಂತೆಯೇ ಬಾಗು, ತಿರುಗು ಎಂಬ ಅರ್ಥಗಳೂ ಇವೆ. ಮೆಟ್ಟಿಲು ಮೆಟ್ಟಿಲಾಗಿ ಅಡ್ಡಕ್ಕೂ ಉದ್ದಕ್ಕೂ ತಿರುಗುತ್ತ ಏರಿಳಿಯುವ ಈ ಹೊಲಿಗೆಗೆ ಆ ಹೆಸರು ಒಪ್ಪುತ್ತದೆ. ನೇಯ್ಗಿಯಲ್ಲಿ ಸೂಜಿಯು ಎಳೆಗಳ ಮೇಲೆ ಕೆಳಗೆ ಹಾಯುತ್ತ ನೇರವಾದ ಸಾಲುಗಳಲ್ಲಿ ಸಾಗುವುದರಿಂದ ಚಿತ್ರವು ಮಗ್ಗದಲ್ಲಿ ನೇಯ್ದಂತೆ ತೋರುತ್ತದೆ. ಮೆಂತಿಯು ಕತ್ತರಿಯಾಕಾರದ ಹೊಲಿಗೆ. ಒತ್ತಾಗಿ ಕುಳಿತ ಅದರ ಚುಕ್ಕೆಗಳು ಮೆಂತೆಯ ಕಾಳುಗಳನ್ನು ಹೋಲುವುದರಿಂದ ಈ ಹೆಸರು. ಗವಂತಿಯನ್ನು ಗಂಟಿನಿಂದ ಬಿಡಿಸುವುದುಂಟು. ಗಂಟನ್ನು ಸರ್ವಥಾ ಸಹಿಸದ ಹೊಲಿಗೆಗೆ ಗಂಟಿನ ಹೆಸರು ಬಂದಿತೆಂಬುದು ವಿಚಿತ್ರವಾಗಿ ತೋರುತ್ತದೆ. ಕಬ್ಬಿನ ಗಂಟು, ಬೆರಳ ಗಂಟು ಎಂಬಲ್ಲಿಯ ಕೀಲು ಎಂಬರ್ಥವನ್ನು ಹಿಡಿದರೆ, ಗೆರೆಗಳು ಕೂಡುವ ಬಿಂದುವನ್ನು ಅದು ಸೂಚಿಸಬಹುದು; ಆದರೂ ನಡುವೆ ವಕಾರವು ಎಲ್ಲಿಂದ ಬಂದಿತೆಂಬುದು ಇದರಿಂದ ಬಗೆಹರಿಯುವುದಿಲ್ಲ.

ಈ ನಾಲ್ಕರಲ್ಲಿ ಎರಡೂ ಬದಿ ಸಮನಾಗಿ ಬರುವುವು ಗವಂತಿ ಮತ್ತು ಮುರಗಿ ಎರಡೇ. ನೇಯ್ಗಿಯ ಹಿಂಬದಿಯಲ್ಲಿ ಮೊಗದ ಚಿತ್ರದ ತಿರುವು ಮುರುವು ಕಾಣುತ್ತದೆ. ಮೇಲೆ ನೂಲಿರುವೆಡೆ ಕೆಳಗೆ ಬರಿದು, ಮೇಲೆ ಬರಿದಾದೆಡೆ ಕೆಳಗೆ ನೂಲು. ಮೆಂತಿಗೆ ನೂಲು ಹೆಚ್ಚು ಹಿಡಿಯುತ್ತದೆ, ಬಟ್ಟೆಯೂ ಭಾರವಾಗುತ್ತದೆ. ಆದುದರಿಂದ ನೆಲವನ್ನು ತುಂಬುವುದಕ್ಕೆ ಅದನ್ನು ಬಳಸುವುದು ವಾಡಿಕೆ. ಮುಂದಿನ ವಿವರಣೆಯು ಮುಖ್ಯವಾಗಿ ಗವಂತಿಗೆ ಸಂಬಂಧಿಸಿದುದು. ಮುರಗಿಯೂ ತತ್ತ್ವತಃ ಅದೇ.

ಎಣಿಕೆಯ ಹೊಲಿಗೆಗೆ ಎಣಿಕೆಗೆ ಸಿಕ್ಕುವ ಬಟ್ಟೆ ಬೇಕು. ಇಳಕಲ್ಲಿನ ಸೀರೆಯ ಮೈ ಹತ್ತಿಯದು. ಅದರ ಹಾಸು ಹೊಕ್ಕುಗಳು ಬಿಗಿಯಾಗಿದ್ದರೂ ಬಿಡಿಬಿಡಿಯಾಗಿ ಕಣ್ಣಿಗೆ ಕಾಣುವಷ್ಟು ದಪ್ಪ. ಸೆರಗು ಕೆಂಪು ರೇಶ್ಮೆಯದು. ಮೈಯ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು ಆ ಊರಿನ ನೇಕಾರರ ವಿಶೇಷ. ಕರಿಯ ಮೈಯ ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಮಾಡಿ ಮದುಮಗಳಿಗೆ ಉಡಿಸುವ ಸಂಪ್ರದಾಯವು ಬಲವಾಗಿದ್ದಿತು. ಕರಿಯ ನೆಲದ ಮೇಲೆ ಕೆಂಪು, ಕಿತ್ತಳೆ, ಹಸಿರು, ಹಳದಿ, ನೇರಿಳೆಯ ನೂಲುಗಳು ಎದ್ದು ತೋರುವುದು ನಿಜ. ಆದರೆ ಕರಿಯ ಬಟ್ಟೆಯ ಎಳೆಗಳನ್ನೆಣಿಸುವುದು ಬಿಳಿಯ ಬಟ್ಟೆಯ ಎಳೆಗಳನ್ನೆಣಿಸುವುದಕ್ಕಿಂತ ಬಹಳ ಕಷ್ಟ. ಈ ಕೆಲಸದಲ್ಲಿ ಕಣ್ಣಿಗೆ ಆಗುವ ಶ್ರಮವನ್ನು ಚಿತ್ರದ ಚೆಲುವನ್ನು ಹೊಗಳುವವರು ನೆನೆಯುವುದು ಕಡಮೆ.

ಗವಂತಿಯ ಕ್ರಮ ಹೀಗಿದೆ. ಎರಡೋ ಮೂರೋ ನಾಲ್ಕೋ ಎಳೆಗಳನ್ನು ಒಂದು ಅಳತೆಯಾಗಿ ಹಿಡಿದು, ಸೂಜಿಯು ಒಮ್ಮೆ ಬಟ್ಟೆಯ ಮೇಲೆ, ಒಮ್ಮೆ ಬಟ್ಟೆಯ ಕೆಳಗೆ ಅದೇ ಅಳತೆಯಿಂದ ಹಾಯುತ್ತ ಸಾಗುತ್ತದೆ. ಮೊದಲನೆಯ ನಡೆ ಮುಗಿದಾಗ ಎರಡೂ ಬದಿಗಳಲ್ಲಿ ಕಾಣುವುದು ಬಿಟ್ಟು ಬಿಟ್ಟು ಬಂದ ತುಂಡು ಗೆರೆ ಮಾತ್ರ. ಬಳಿಕ ಅದೇ ನೂಲು ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಹೋಗುವಾಗ ಮೇಲೆ ಬಿಟ್ಟ ಎಡೆಗಳನ್ನು ಮೇಲೆಯೂ ಕೆಳಗೆ ಬಿಟ್ಟ ಎಡೆಗಳನ್ನು ಕೆಳಗೆಯೂ ತುಂಬುತ್ತದೆ. ಮೊದಲು ಬಿಟ್ಟಿದ್ದ ನೂಲಿನ ತುದಿಯ ಬಳಿಗೇ ಸೂಜಿ ಮರಳಿ ಬರುವುದರಿಂದ ಎರಡು ತುದಿಗಳನ್ನೂ ಹೊಲಿಗೆಯ ಕೆಳಗೆ ಸೇರಿಸಿ ಮರೆಮಾಡಬಹುದು. ಗಂಟಿನ ಅವಶ್ಯಕತೆಯೇ ಬೀಳುವುದಿಲ್ಲ.

ನೇರವಾದ ಗೆರೆಯಲ್ಲಿ ಇದು ಸುಲಭ. ಗೆರೆಯು ತಿರುಗಿ ತನ್ನನ್ನು ತಾನೇ ಕೂಡಿದಾಗ ಜಾಣ್ಮೆ ಬೇಕಾಗುತ್ತದೆ. ಒಂದು ಚೌಕವನ್ನು ತೆಗೆದುಕೊಂಡು ಅದರ ಮೂಲೆಗಳನ್ನು ಸುತ್ತಿನ ಕ್ರಮದಲ್ಲಿ ಅ, ಆ, ಇ, ಈ ಎಂದು ಗುರುತಿಸೋಣವಾಗಲಿ. ಅ-ಆ ಮೇಲೆ, ಆ-ಇ ಕೆಳಗೆ, ಇ-ಈ ಮೇಲೆ, ಈ-ಅ ಕೆಳಗೆ. ಹೀಗೆ ನಾಲ್ಕು ಹೊಲಿಗೆಗಳಲ್ಲಿ ಸುತ್ತು ಮುಗಿದು ಸೂಜಿ ಮತ್ತೆ ಅ ಮೂಲೆಯಲ್ಲಿ ಮೇಲಕ್ಕೆ ಬರುತ್ತದೆ. ಹೊಸಬರು ಇಲ್ಲಿ ಸಾಮಾನ್ಯವಾಗಿ ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹೋಗುತ್ತಾರೆ. ಆಗ ಐದನೆಯ ಹೊಲಿಗೆಯು ಮತ್ತೆ ಅ-ಆ ಗೆರೆಯ ಮೇಲ್ಬದಿಯಲ್ಲಿಯೇ ಬೀಳುತ್ತದೆ, ಆರನೆಯದು ಆ-ಇ ಗೆರೆಯ ಕೆಳಗಡೆಯೇ ಬೀಳುತ್ತದೆ. ಎಷ್ಟು ಸುತ್ತು ಹೋದರೂ ಇದ್ದ ಹೊಲಿಗೆ ದಪ್ಪನಾಗುವುದಲ್ಲದೆ ಬಿಟ್ಟ ಎಡೆ ತುಂಬುವುದಿಲ್ಲ. ಬಲ್ಲವಳು ಅ ಮೂಲೆಯಲ್ಲಿ ತಿರುಗಿ ನಿಲ್ಲುತ್ತಾಳೆ. ಅ-ಈ ಮೇಲೆ, ಈ-ಇ ಕೆಳಗೆ, ಇ-ಆ ಮೇಲೆ, ಆ-ಅ ಕೆಳಗೆ. ಎಂಟು ಹೊಲಿಗೆಗಳಲ್ಲಿ ಚೌಕದ ನಾಲ್ಕು ಬದಿಗಳೂ ಮೇಲೊಮ್ಮೆ ಕೆಳಗೊಮ್ಮೆ ತುಂಬಿ ಸೂಜಿಯು ಹೊರಟಲ್ಲಿಗೆ ಮರಳುತ್ತದೆ. ಚೌಕದ ಬದಲು ಓರೆಗೆರೆ ಸೇರಿದ ತ್ರಿಕೋಣವಾದರೆ ಸ್ಥಿತಿ ಬೇರೆ. ಅಲ್ಲಿ ಬದಿಗಳು ಮೂರಾದುದರಿಂದ ಎರಡನೆಯ ಸುತ್ತಿನಲ್ಲಿ ಮೇಲು ಕೆಳಗುಗಳು ತಾವಾಗಿಯೇ ಅದಲು ಬದಲಾಗುತ್ತವೆ. ಅದೇ ದಿಕ್ಕಿನಲ್ಲಿ ಇನ್ನೊಮ್ಮೆ ಸುತ್ತಿದರೂ ಕೆಲಸ ಸರಿಯಾಗುತ್ತದೆ. ಸುತ್ತಿನಲ್ಲಿ ಹೊಲಿಗೆಗಳು ಸಮಸಂಖ್ಯೆಯೋ ವಿಷಮಸಂಖ್ಯೆಯೋ ಎಂಬುದನ್ನು ಅವಲಂಬಿಸಿ ದಾರಿ ಬದಲಾಗುವುದೆಂಬ ಈ ಸೂಕ್ಷ್ಮವು ಗಣಿತದ ಮಾತು. ಆದರೆ ಬಂದ ದಾರಿಯಲ್ಲೇ ಹಿಂದಿರುಗಬೇಕೆಂಬ ಕಟ್ಟಳೆಯನ್ನು ಹಿಡಿದವಳಿಗೆ ಈ ಎಣಿಕೆಯ ಗೊಡವೆಯಿಲ್ಲ. ಅದು ಎರಡು ಸಂದರ್ಭಗಳಿಗೂ ಸಲ್ಲುತ್ತದೆ.

ಆನೆಯ ಸೊಂಡಿಲು, ಗೋಪುರದ ಕಳಸ, ತೇರಿನ ಬಾವುಟ, ನವಿಲ ಜುಟ್ಟು ಇವು ಚಿತ್ರದ ಮುಖ್ಯ ಗೆರೆಯಿಂದ ಒಡೆದ ಕವಲುಗಳು. ಕವಲಿನ ಬುಡಕ್ಕೆ ಬಂದೊಡನೆ ಸೂಜಿಯು ಅದರ ತುದಿಯವರೆಗೆ ಹೋಗಿ ಹಿಂದಿರುಗಿ ಮತ್ತೆ ಮುಖ್ಯ ಗೆರೆಯನ್ನು ಹಿಡಿಯುತ್ತದೆ. ಕವಲಿನಲ್ಲಿ ಐದು ಹೊಲಿಗೆಗಳಿದ್ದರೆ ಹೋಗಿ ಬರುವುದಕ್ಕೆ ಹತ್ತು, ಏಳಿದ್ದರೆ ಹದಿನಾಲ್ಕು. ಒಟ್ಟು ಯಾವಾಗಲೂ ಸಮಸಂಖ್ಯೆಯೇ. ಆದುದರಿಂದ ಮುಖ್ಯ ಗೆರೆಯ ಮೇಲು ಕೆಳಗುಗಳ ಸರದಿಗೆ ಯಾವ ಭಂಗವೂ ಬರುವುದಿಲ್ಲ. ಕವಲಿನ ಮೇಲೊಂದು ಕವಲಿದ್ದರೂ ಇದೇ ನ್ಯಾಯ. ಇದರಿಂದ ಒಂದು ಸಾಮಾನ್ಯ ಸಿದ್ಧಾಂತವು ದೊರೆಯುತ್ತದೆ: ಒಂದು ಚಿತ್ರದ ಗೆರೆಗಳೆಲ್ಲ ಒಂದಕ್ಕೊಂದು ಹೊಂದಿಕೊಂಡಿದ್ದರೆ, ಅದು ಎಷ್ಟೇ ತೊಡಕಿನದಾಗಿರಲಿ, ನೂಲನ್ನು ಕಡಿಯದೆ ಎರಡೂ ಬದಿ ಸಮನಾಗುವಂತೆ ಅದನ್ನು ಹೊಲಿದು ಹೊರಟಲ್ಲಿಗೆ ಮರಳಬಹುದು. ನೂಲು ಮುಗಿದಲ್ಲಿ ಹೊಸ ನೂಲನ್ನು ಕೂಡಿಸಬೇಕಾದೀತು, ದಾರಿಯಂತೂ ಒಂದೇ.

ಗಣಿತಶಾಸ್ತ್ರದಲ್ಲಿ ಈ ಬಗೆಯ ವಿಚಾರಕ್ಕೆ ಬುನಾದಿ ಹಾಕಿದವನು ಆಯ್ಲರ್. ಕೋನಿಗ್ಸ್‌ಬರ್ಗ್ ಪಟ್ಟಣದ ೭ ಸೇತುವೆಗಳನ್ನು ಒಂದೊಂದನ್ನೂ ಒಮ್ಮೆ ಮಾತ್ರ ದಾಟಿ ತಿರುಗಾಡುವುದು ಸಾಧ್ಯವಿಲ್ಲವೆಂದು ಆತನು ೧೭೩೬ರ ಸುಮಾರಿಗೆ ತೋರಿಸಿದನು. ಒಂದು ನೆಲಕ್ಕೆ ಸೇರಿದ ಸೇತುವೆಗಳ ಸಂಖ್ಯೆ ವಿಷಮವಾಗಿದ್ದರೆ ತೊಡಕು ಹುಟ್ಟುವುದೆಂಬುದು ಅದರ ಸಾರ. ಆದರೆ ಪ್ರತಿಯೊಂದು ಸೇತುವೆಯನ್ನೂ ಎರಡು ಸಲ ದಾಟುವುದೆಂದು ನಿಯಮ ಮಾಡಿಕೊಂಡರೆ ವಿಷಮವೆಲ್ಲ ಸಮವಾಗಿ ತೊಡಕು ತೊಲಗುತ್ತದೆ. ಗವಂತಿಯಲ್ಲಿ ಪ್ರತಿಯೊಂದು ಗೆರೆಯೂ ಎರಡು ಸಲ ನಡೆಯಲ್ಪಡುವುದರಿಂದ ಕಸೂತಿಯವಳಿಗೆ ಕೋನಿಗ್ಸ್‌ಬರ್ಗಿನವರ ಕಷ್ಟವಿಲ್ಲ. ಆಕೆಗೆ ಬೇರೊಂದು ನಿರ್ಬಂಧವುಂಟು: ಎರಡು ಸಲಗಳಲ್ಲಿ ಒಂದು ಮೇಲೆಯೂ ಒಂದು ಕೆಳಗೆಯೂ ಬೀಳಬೇಕು. ಅದಕ್ಕೆ ಪರಿಹಾರವು ಮೇಲೆ ಹೇಳಿದ ಹಿಂದಿರುಗುವ ನಡೆ. ಹಳ್ಳಿಯ ಹೆಂಗಸರು ಆಯ್ಲರನನ್ನು ಬಲ್ಲರೆಂದು ಇದರಿಂದ ಹೇಳುವುದು ಹಾಸ್ಯಾಸ್ಪದವಾದೀತು. ಅವರು ಬಲ್ಲುದು ದಾರಿಯನ್ನು. ತಾಯಿಯ ಬದಿಯಲ್ಲಿ ಕುಳಿತ ಹುಡುಗಿಯು ಕಣ್ಣಿನಿಂದಲೂ ಬೆರಳಿನಿಂದಲೂ ಅದನ್ನು ಕಲಿಯುತ್ತಿದ್ದಳು.

ಸಿದ್ಧಾಂತದಲ್ಲಿಯ ‘ಹೊಂದಿಕೊಂಡಿದ್ದರೆ’ ಎಂಬ ಮಾತು ಚಿತ್ರಗಳ ರೂಪದ ಮೇಲೆಯೂ ತನ್ನ ಪ್ರಭಾವವನ್ನು ಬೀರುತ್ತದೆ. ಮೈಗೆರೆಗೆ ತಾಗದೆ ನಡುವೆ ಒಂಟಿಯಾಗಿ ನಿಂತ ಕಣ್ಣನ್ನು ಆನೆಗೆ ಇಡಬೇಕಾದರೆ, ಅದಕ್ಕೆ ಬೇರೆ ನೂಲು ಬೇಕು, ಇಲ್ಲವೆ ಹಿಂಬದಿಯಲ್ಲಿ ಒಂದು ನೆಗೆತ ಬೇಕು. ಮೊದಲನೆಯದರಿಂದ ತುದಿಗಳು ಹೆಚ್ಚುತ್ತವೆ, ಎರಡನೆಯದರಿಂದ ಹಿಂಬದಿ ಕೆಡುತ್ತದೆ. ಒಳಗಿನ ಅಲಂಕಾರವನ್ನು ಹೊರಗಿನ ಗೆರೆಗೆ ಎಲ್ಲಾದರೂ ತಾಗಿಸುವುದೇ ನೇರವಾದ ಉಪಾಯ. ಎಣಿಕೆಯ ಹೊಲಿಗೆಯಲ್ಲಿ ಅಡ್ಡ, ಉದ್ದ, ಓರೆ ಗೆರೆಗಳಲ್ಲದೆ ಬಾಗು ಗೆರೆಗೆ ಎಡೆಯಿಲ್ಲ. ಕಸೂತಿಯ ನವಿಲೂ ಹಂಸವೂ ಮೂಲೆ ಮೂಲೆಯಾಗಿ ಕಾಣುವುದಕ್ಕೆ ಕಾರಣ ಇದು. ಅದನ್ನು ಒರಟುತನವೆಂದಾಗಲಿ ಬೇಕೆಂದು ಮಾಡಿದ ಸಂಕೇತರೂಪವೆಂದಾಗಲಿ ಬಣ್ಣಿಸುವವರು ಬಟ್ಟೆಯ ಸ್ವಭಾವವನ್ನು ಮರೆತಿರುತ್ತಾರೆ.

ಎರಡೂ ಬದಿ ಸಮನಾಗಿರಬೇಕೆಂಬ ಹಟವೇತಕ್ಕೆ? ಗೋಡೆಗೆ ತೂಗುಹಾಕುವ ಬಟ್ಟೆಗೆ, ದಿಂಬಿನ ಚೀಲಕ್ಕೆ, ಅಸ್ತರು ಕೊಟ್ಟ ಕುಪ್ಪಸಕ್ಕೆ ಇದರ ಆವಶ್ಯಕತೆಯಿಲ್ಲ. ನಿತ್ಯ ಉಡುವ ಸೀರೆಗೆ ಅಸ್ತರು ಇಲ್ಲ. ೯ ಗಜದ ಸೀರೆಯನ್ನು ಉಟ್ಟು ಹೊದ್ದು ದುಡಿಯುವಾಗ ಸೆರಗಿನ ಒಳಮೈ ಹೊರಮೈಗಳೆರಡೂ ಕಣ್ಣಿಗೆ ಬೀಳುತ್ತವೆ. ಹಿಂಬದಿಯಲ್ಲಿ ಉದ್ದವಾದ ಸಡಿಲು ನೂಲುಗಳಿದ್ದರೆ ಬಳೆಗೆ ತೊಡರುತ್ತವೆ, ಕಾಲುಂಗುರಕ್ಕೆ ಸಿಕ್ಕುತ್ತವೆ, ಒಗೆಯುವಾಗ ಕೀಳುತ್ತವೆ. ಗವಂತಿಯಲ್ಲಿ ಯಾವ ಹೊಲಿಗೆಯೂ ಕೆಲವು ಎಳೆಗಳಿಗಿಂತ ಉದ್ದವಿರುವುದಿಲ್ಲವಾದುದರಿಂದ ತೊಡರುವುದಕ್ಕೆ ಆಸ್ಪದವೇ ಇಲ್ಲ. ಕುಂಚಿಗೆಯ ವಿಷಯದಲ್ಲಿ ಕಾರಣವು ಇನ್ನೂ ಸ್ಪಷ್ಟ. ಕೂಸಿನ ತಲೆಯನ್ನೂ ಬೆನ್ನನ್ನೂ ಮುಚ್ಚುವ ಈ ಬಟ್ಟೆಯ ಒಳಬದಿಯು ಎಳೆಯ ನೆತ್ತಿಯನ್ನು ಮುಟ್ಟುತ್ತಿರುತ್ತದೆ. ಅಲ್ಲಿ ಒಂದು ಗಂಟಿದ್ದರೂ ಮಲಗಿದ ಕೂಸಿಗೆ ಅದು ಒತ್ತುತ್ತದೆ. ಎಲೆಯಡಿಕೆಯ ಸಂಚಿಯಂಥ ಚಿಕ್ಕ ಚೀಲವನ್ನು ಮಾಡುವಾಗಲೂ ಬಾಯಿಯ ಅಂಚು ಹೊರಳಿ ಒಳಬದಿ ಕಾಣುವುದುಂಟು. ಬೆರಳು ಹೋಗಿ ಬರುವ ಒಳಮೈಯಲ್ಲಿ ಸಡಿಲು ನೂಲಿದ್ದರೆ ಚೀಲ ಬಹಳ ದಿನ ಬಾಳುವುದಿಲ್ಲ. ಕಲೆಯ ಮೇಲ್ಮೆಯೆಂದು ಹೊಗಳಲ್ಪಡುವ ಗುಣವು ಹೀಗೆ ಬಳಕೆಯ ಒತ್ತಾಯದಿಂದ ಬಂದುದಾಗಿದೆ.

ಸೀರೆಯ ಮೇಲೆ ಚಿತ್ರಗಳನ್ನು ಹಂಚುವ ಬಗೆಯಲ್ಲಿಯೂ ಇದೇ ವಿವೇಕವಿದೆ. ಗೋಪುರ, ತೇರು, ಆನೆ ಮೊದಲಾದ ದೊಡ್ಡ ರೂಪಗಳು ಸೆರಗಿನ ಬಳಿ ಒತ್ತಾಗಿ ಬರುತ್ತವೆ. ಸೆರಗಿನಿಂದ ದೂರವಾದಂತೆಲ್ಲ ಅವು ಚಿಕ್ಕವಾಗಿ, ವಿರಳವಾಗಿ, ಕೊನೆಗೆ ಚಿಕ್ಕೆಗಳಂಥ ಸಣ್ಣ ಹೂಗಳಾಗಿ ಮುಗಿಯುತ್ತವೆ. ನೆರಿಗೆಯೊಳಗೆ ಅಡಗಿಹೋಗುವೆಡೆಯಲ್ಲಿ ಆನೆಯನ್ನು ಹೊಲಿದು ಕಣ್ಣು ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲವಷ್ಟೆ.

ಪರದೇಶಗಳಲ್ಲಿ ಇದಕ್ಕೆ ಸಮನಾದುದನ್ನು ಹುಡುಕಿದರೆ ಮೊದಲು ದೊರೆಯುವುದು ೧೬ನೆಯ ಶತಮಾನದ ಇಂಗ್ಲೆಂಡಿನಲ್ಲಿ ಪ್ರಚುರವಾಗಿದ್ದ ಕರಿನೂಲಿನ ಕೆಲಸ. ಬಿಳಿಯ ನಾರುಬಟ್ಟೆಯ ಮೇಲೆ ಕರಿಯ ರೇಶ್ಮೆಯಿಂದ, ಗವಂತಿಯಂತೆಯೇ ಹೋಗಿ ಹಿಂದಿರುಗುವ ನಡೆಯಲ್ಲಿ ಅದನ್ನು ಮಾಡುತ್ತಿದ್ದರು. ಚಿತ್ರಕಾರನಾದ ಹಾನ್ಸ್ ಹೋಲ್ಬೈನನು (ಮರಣ ೧೫೪೩) ತಾನು ಬರೆದ ಭಾವಚಿತ್ರಗಳಲ್ಲಿ ತೋಳಿನ ಅಂಚುಗಳ ಈ ಹೊಲಿಗೆಯನ್ನು ಎಳೆ ಎಳೆಯಾಗಿ ತೋರಿಸಿದುದರಿಂದ ಯುರೋಪಿನಲ್ಲಿ ಇದಕ್ಕೆ ಹೋಲ್ಬೈನ್ ಹೊಲಿಗೆಯೆಂದೇ ಹೆಸರಾಯಿತು. ಹೆಂಗಸರ ಕೈಗೆಲಸಕ್ಕೆ ಅದನ್ನು ನೋಡಿ ಬರೆದ ಗಂಡಸಿನ ಹೆಸರು ನಿಂತುದು ಒಂದು ವಿಪರ್ಯಾಸ. ಇಲ್ಲಿ ಗಮನಿಸಬೇಕಾದುದು ತೋಳಿನ ಅಂಚು. ಅದು ಮಣಿಕಟ್ಟಿನ ಬಳಿ ಅಗಲವಾಗಿ ತೆರೆದಿರುವುದರಿಂದ ಅದರ ಎರಡು ಬದಿಗಳೂ ಕಾಣುತ್ತವೆ. ಸೆರಗಿಗೆ ಇದ್ದ ಅಗತ್ಯವೇ ಅಲ್ಲಿಯೂ ಇದ್ದಿತು. ಎಣಿಕೆಗೆ ಸಿಕ್ಕುವ ಬಟ್ಟೆಯೂ ಇದ್ದಿತು. ಇವೆರಡೂ ಕೂಡಿದಲ್ಲಿ ಒಬ್ಬರಿಂದೊಬ್ಬರು ಕಲಿಯದೆಯೂ ಒಂದೇ ಉಪಾಯವು ಹೊಳೆಯಬಹುದು. ಇಷ್ಟು ಹೋಲಿಕೆಯಿಂದಲೇ ಸಾಗರವನ್ನು ದಾಟಿ ಬಂದ ವಿದ್ಯೆಯೆಂದು ಯಾವ ಕಡೆಗೂ ಊಹಿಸುವುದು ಅನುಚಿತ.

ಇದಕ್ಕೆ ವಿರುದ್ಧವಾದ ಉದಾಹರಣೆ ಯುರೋಪಿನ ಜಾಳಿಗೆ ಬಟ್ಟೆಯ ಕೆಲಸ. ಬಿರುಸಾದ ಜಾಳಿಗೆಯ ನೆಲವೆಲ್ಲ ಮುಚ್ಚಿಹೋಗುವಂತೆ ಉಣ್ಣೆಯ ನೂಲಿನಿಂದ ಹೊಲಿದು, ಅದರಿಂದ ಕುರ್ಚಿಯ ಮೆತ್ತೆ, ಕೈಚೀಲ, ಮನೆಯಲ್ಲಿ ಮೆಟ್ಟುವ ಜೋಡು ಮುಂತಾದುವನ್ನು ಮಾಡುವರು. ೧೯ನೆಯ ಶತಮಾನದಲ್ಲಿ ಬರ್ಲಿನ್ ನಗರದಲ್ಲಿ ಅಚ್ಚಾದ ಬಣ್ಣದ ಚೌಕುಳಿ ನಕ್ಷೆಗಳು ಈ ಕೆಲಸವನ್ನು ಯುರೋಪಿನಲ್ಲೆಲ್ಲ ಹರಡಿದುವು. ನಕ್ಷೆಯ ಒಂದು ಚೌಕಕ್ಕೆ ಜಾಳಿಗೆಯ ಮೇಲೆ ಒಂದು ಹೊಲಿಗೆ. ಯಾವ ಚೌಕಕ್ಕೆ ಯಾವ ಬಣ್ಣವೆಂಬುದನ್ನು ನೋಡಿಕೊಂಡರೆ ಸಾಕು, ಯಾವುದನ್ನು ಮೊದಲು ಹೊಲಿಯಬೇಕೆಂಬ ಚಿಂತೆ ಅಷ್ಟಾಗಿ ಇಲ್ಲ. ಹಿಂಬದಿಯು ಮೆತ್ತೆಯ ಒಳಗೆ ಹುದುಗಿಹೋಗುವುದರಿಂದ ಅದರ ಅಂದವನ್ನು ಕೇಳುವವರಿಲ್ಲ. ಆ ಕೆಲಸವನ್ನು ಹಳಿಯಬೇಕಾಗಿಲ್ಲ. ಸವೆತವನ್ನು ತಾಳುವ ಶಕ್ತಿಯಲ್ಲಿ ಅದು ಕಸೂತಿಯನ್ನು ಮೀರಿಸುತ್ತದೆ. ಆದರೆ ಚೌಕುಳಿ ಕಾಗದದ ಮೇಲೆ ಇಡುವುದಕ್ಕೆ ಬರುವ ವಿದ್ಯೆಗೂ ಅದರ ಮೇಲೆ ಪೂರ್ತಿಯಾಗಿ ಇಡಲಾಗದ ವಿದ್ಯೆಗೂ ಇರುವ ಭೇದವು ಇಲ್ಲಿ ಎದ್ದುಕಾಣುತ್ತದೆ. ಗವಂತಿಯ ಆನೆಯನ್ನು ಚೌಕುಳಿ ಕಾಗದದ ಮೇಲೆ ಬರೆದರೆ ಅದರ ರೂಪವು ಬರುತ್ತದೆ. ನೂಲು ಸೊಂಡಿಲಿನಿಂದ ಹೊರಟಿತೋ ಬಾಲದಿಂದ ಹೊರಟಿತೋ, ಎಲ್ಲಿ ಕವಲಿಗೆ ತಿರುಗಿತೋ ಅದರಿಂದ ತಿಳಿಯದು. ಕವಿತೆಯ ಅಕ್ಷರಗಳನ್ನು ಬರೆದಿಟ್ಟು ಅದನ್ನು ಹಾಡುವ ಧಾಟಿಯನ್ನು ಬಿಟ್ಟಂತೆ.

ಕಸೂತಿಯ ಪ್ರಾಚೀನತೆಯ ವಿಷಯದಲ್ಲಿ ಉತ್ಸಾಹದ ಮಾತುಗಳು ಬಹಳ ಇವೆ. ಚಾಲುಕ್ಯರ ಕಾಲದಿಂದ ಅದು ನಡೆದುಬಂದಿತೆಂದು ಪದೇಪದೇ ಹೇಳಲ್ಪಡುತ್ತದೆ. ಕಾಮಸೂತ್ರದ ೬೪ ಕಲೆಗಳಲ್ಲಿ ಸೂಚೀವಾನಕರ್ಮವು ಎಣಿಸಲ್ಪಟ್ಟಿದೆ. ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ (೧೨ನೆಯ ಶತಮಾನ) ವಸ್ತ್ರಗಳಿಗಾಗಿಯೇ ಒಂದು ಪ್ರಕರಣವಿದೆ. ಇವುಗಳಿಂದ ಸೂಜಿಯ ಕೆಲಸಕ್ಕೂ ಒಳ್ಳೆಯ ಬಟ್ಟೆಗೂ ಆ ಕಾಲಗಳಲ್ಲಿ ಮನ್ನಣೆಯಿದ್ದಿತೆಂದು ತಿಳಿಯುತ್ತದೆಯೇ ಹೊರತು, ಎರಡೂ ಬದಿ ಸಮನಾದ ಎಣಿಕೆಯ ಹೊಲಿಗೆ ಇದ್ದಿತೆಂದು ತಿಳಿಯುವುದಿಲ್ಲ. ಶಿಲ್ಪದಲ್ಲಿ ಕೆತ್ತಿದ ಸೀರೆಯ ಹೂವು ನೇಯ್ದುದೋ, ಅಚ್ಚೊತ್ತಿದುದೋ, ಹೊಲಿದುದೋ ಎಂದು ಕಲ್ಲು ಹೇಳಲಾರದು. ಹಿಂಬದಿಯನ್ನಂತೂ ಅದು ತೋರಿಸಲಾರದು. ನಮ್ಮ ಹವೆಯಲ್ಲಿ ಹತ್ತಿಯೂ ರೇಶ್ಮೆಯೂ ಬಹುಕಾಲ ಉಳಿಯುವುದಿಲ್ಲ. ಅದರಲ್ಲಿಯೂ ನಿತ್ಯ ಉಟ್ಟ ಬಟ್ಟೆ ಹರಿದು ಚಿಂದಿಯಾಗಿ ತೀರುತ್ತದೆ. ಗೋಪುರ, ತೇರು, ಪಲ್ಲಕ್ಕಿಗಳಿಂದ ಹಳಮೆಯನ್ನು ಸಾಧಿಸುವುದೂ ಯುಕ್ತವಲ್ಲ. ಅವು ಇಂದಿಗೂ ಜಾತ್ರೆಗಳಲ್ಲಿ ಕಾಣುವಂಥವೇ. ಕಾಲವನ್ನು ನಿರ್ಣಯಿಸುವ ಆತುರವನ್ನು ಬಿಟ್ಟು, ದೊರೆತ ವಸ್ತುಗಳ ಹೊಲಿಗೆಯ ದಾರಿಯನ್ನು ಊರಿಂದೂರಿಗೆ ಹೋಲಿಸಿ ನೋಡಿದರೆ ಹೆಚ್ಚಿನ ಲಾಭವಾದೀತು.

ಈ ಹೋಲಿಕೆಯ ಕೆಲಸಕ್ಕೆ ಕಾಲವು ಅನುಕೂಲವಾಗಿಲ್ಲ. ಉಡುವ ಬಟ್ಟೆಗಳು ಬದಲಾಗಿವೆ. ನುಣುಪಾದ ರೇಶ್ಮೆ ಸೀರೆಗಳ ಮೇಲೆಯೂ ಕೃತಕ ನೂಲಿನ ಸೀರೆಗಳ ಮೇಲೆಯೂ ಎಳೆಗಳನ್ನೆಣಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಇದಕ್ಕೆ ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ: ಸೀರೆಯ ಮೇಲೆ ಜಾಳಿಗೆಯಂಥ ಬಟ್ಟೆಯ ತುಂಡೊಂದನ್ನು ಹಿಡಿಹೊಲಿಗೆಯಿಂದ ಕೂಡಿಸಿ, ಅದರ ಎಳೆಗಳನ್ನೆಣಿಸಿ ಎರಡನ್ನೂ ಸೇರಿಸಿ ಹೊಲಿದು, ಬಳಿಕ ಜಾಳಿಗೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದು. ದಾರಿಯ ನಿಯಮವನ್ನು ಪಾಲಿಸಿದರೆ ಈ ಉಪಾಯದಲ್ಲಿ ದೋಷವಿಲ್ಲ. ಜಾಳಿಗೆಯು ಹೋದ ಮೇಲೆ ಹೊಲಿಗೆ ಕೊಂಚ ಸಡಿಲಾಗುವುದಷ್ಟೆ. ಬಟ್ಟೆಯ ಮೇಲೆ ಚುಕ್ಕೆಗಳನ್ನೋ ಗೆರೆಗಳನ್ನೋ ಒತ್ತಿಕೊಂಡು ಅವುಗಳ ಮೇಲೆ ಹೊಲಿಯುವ ಕ್ರಮವು ಹಾಗಲ್ಲ. ಎದುರಿಗೆ ಗೆರೆಯಿರುವಾಗ ಅದನ್ನು ಹೇಗಾದರೂ ಮುಚ್ಚಿದರೆ ಸಾಕೆಂಬ ಭಾವನೆ ಬಂದು, ನೂಲು ಹಿಂಬದಿಯಲ್ಲಿ ಬೇಕಾದಂತೆ ನೆಗೆಯುತ್ತದೆ. ಯಂತ್ರದ ಹೊಲಿಗೆಯಲ್ಲಿ ಮೇಲಣ ನೂಲೊಂದು, ಕೆಳಗಣ ನೂಲೊಂದು. ಹೋಗಿ ಹಿಂದಿರುಗುವ ಒಂದೇ ನೂಲು ಅಲ್ಲಿ ಇಲ್ಲವೇ ಇಲ್ಲ.

ಕಸೂತಿಯೂ ಇಳಕಲ್ಲಿನ ಸೀರೆಯೂ, ೨೦೦೩ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯಿದೆಯ ಮೇರೆಗೆ ನೋಂದಣಿಯಾಗಿವೆ. ಹೆಸರಿಗೆ ಇದರಿಂದ ರಕ್ಷಣೆ ದೊರೆತುದು ಸಂತೋಷದ ಸಂಗತಿ. ಆದರೆ ಅಂಗಡಿಯಲ್ಲಿ ಸೀರೆಯನ್ನು ಮಡಿಸಿಟ್ಟಾಗ ಕಾಣುವುದು ಮೊಗದ ಬದಿಯೊಂದೇ. ಒಂದು ಸೆರಗನ್ನು ನಿಯಮದಂತೆ ಹೊಲಿಯಲು ಹಿಡಿಯುವ ದಿನಗಳಿಗೂ ಹಿಂಬದಿಯನ್ನು ಲೆಕ್ಕಿಸದೆ ಹೊಲಿಯಲು ಹಿಡಿಯುವ ದಿನಗಳಿಗೂ ಇರುವ ಅಂತರವನ್ನು ಕೊಳ್ಳುವವನು ಅರಿಯದಿದ್ದರೆ, ನಿಯಮವನ್ನು ಪಾಲಿಸಿದವಳಿಗೆ ನಷ್ಟವೇ. ತುಂಡು ಕೂಲಿಯ ಮೇಲೆ ದುಡಿಯುವ ಹೆಂಗಸು ಹಾಗಿರುವಲ್ಲಿ ಬಹುಕಾಲ ನಿಯಮವನ್ನು ಹಿಡಿದು ನಿಲ್ಲಲಾರಳು. ಸಂಗ್ರಹಾಲಯಗಳಲ್ಲಿಯೂ ಬಟ್ಟೆಯನ್ನು ಹಲಗೆಗೆ ಬಿಗಿದು ಗಾಜಿನ ಕೆಳಗೆ ಇಟ್ಟಾಗ, ಪರೀಕ್ಷಿಸಬೇಕಾದ ಬದಿಯೇ ಹಲಗೆಗೆ ಅಂಟಿಕೊಂಡಿರುತ್ತದೆ.

ಕಸೂತಿಯ ದಾರಿಯನ್ನು ತಿಳಿಯಬೇಕೆನ್ನುವವರಿಗೆ ಅಂದವಾದ, ಹೊಸದಾದ ಸೀರೆಗಿಂತ ಸವೆದು ಹರಿದ ಸೀರೆಯೇ ಹೆಚ್ಚು ಪ್ರಯೋಜನಕಾರಿ. ಕೆಲಸವು ಪೂರ್ತಿಯಾಗಿ ಉಳಿದಿದ್ದರೆ ಹೋದ ನಡೆಯೂ ಹಿಂದಿರುಗಿದ ನಡೆಯೂ ಒಂದೇ ಗೆರೆಯಾಗಿ ಬೆರೆತು, ಯಾವುದು ಯಾವುದೆಂದು ತಿಳಿಯುವುದಿಲ್ಲ. ನೂಲು ಒಂದೆಡೆ ಕಡಿದು ಒಂದು ನಡೆಯು ಬಿಚ್ಚಿಹೋದಾಗ ಇನ್ನೊಂದು ನಡೆಯು ತುಂಡು ಗೆರೆಯಾಗಿ ಉಳಿಯುತ್ತದೆ. ಒಂದು ಹೊಲಿಗೆ ಇದೆ, ಒಂದು ಇಲ್ಲ, ಮತ್ತೆ ಒಂದು ಇದೆ. ಹಾಗೆ ಉಳಿದ ತುಂಡುಗಳನ್ನು ಎರಡೂ ಬದಿಗಳಲ್ಲಿ ಗುರುತಿಸುತ್ತ ಹೋದರೆ, ನೂಲು ಯಾವ ಕವಲನ್ನು ಯಾವಾಗ ಹಿಡಿಯಿತು, ಎಲ್ಲಿ ತಿರುಗಿತು ಎಂಬುದು ಹಲವೆಡೆ ತಿಳಿಯಬರುತ್ತದೆ. ಸೆರಗಿನ ತುಂಡು, ಕುಂಚಿಗೆಯ ಅಂಚು, ಕೌದಿಯೊಳಗೆ ಸೇರಿಸಿ ಹೊಲಿದ ಹಳೆಯ ಸೀರೆಯ ಚೂರು ಇವುಗಳನ್ನು ಒಗೆದು ಎಸೆಯುವ ಮೊದಲು ತಿರುಗಿಸಿ ನೋಡಿ, ಎರಡೂ ಬದಿಗಳ ಚಿತ್ರವನ್ನು ತೆಗೆದು, ಸಿಕ್ಕಿದ ಊರ ಹೆಸರನ್ನೂ ಹೊಲಿದವಳು ಆ ಹೊಲಿಗೆಗೂ ಚಿತ್ರಕ್ಕೂ ಹೇಳುತ್ತಿದ್ದ ಹೆಸರುಗಳನ್ನೂ ಬರೆದಿಡುವುದು ಪಾಠಶಾಲೆಗಳ ಅಧ್ಯಾಪಕರಿಗೂ ವಿದ್ಯಾರ್ಥಿನಿಯರಿಗೂ ಸಾಧ್ಯವಾದ ಕೆಲಸ.